ಚೆಸ್ಟರ್ಟನ್ ಗಾಳಿ ಗಿರಣಿಯ ಅಳತೆ ತೆಗೆದದ್ದು

ಹಳೇ ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆಯುವುದು ನನ್ನ ಹವ್ಯಾಸ. ಕೆಲಸಕ್ಕೆಂದು ಇಂಗ್ಲೆಂಡಿನ ವಾರಿಕ್‌ಶೈರ್‌ಗೆ ಬಂದ ಮೇಲೂ ಬಿಟ್ಟಿಲ್ಲ. ಇಲ್ಲಿ ಚೆಸ್ಟರ್ಟನ್ ಅನ್ನೋ ಹಳ್ಳಿಯ ಗುಡ್ಡದ ಮೇಲೆ ಒಂದು ಗಾಳಿ ಗಿರಣಿ ಇದೆ. ಊರಿನ ಜಮೀನ್ದಾರ ಸರ್ ಎಡ್ವರ್ಡ್ ಪೇಟೊ 1632ರ ಸುಮಾರಿಗೆ ಕಟ್ಟಿಸಿದ್ದು. 1910ರ ಹೊತ್ತಿಗೆ ಹಿಟ್ಟು ಬೀಸುವ ಕೆಲಸ ನಿಂತಿತು. 1960ರ ದಶಕದಲ್ಲಿ ಕೌಂಟಿ ಕೌನ್ಸಿಲ್‌ನವರು ದುರಸ್ತಿಗೆ ಕೈಹಾಕಿದರು.

ಗಾಳಿ ಗಿರಣಿ ಅಂದರೆ ನೆಲದಿಂದಲೇ ಎದ್ದ ಗೋಪುರ ಅಂದುಕೊಳ್ಳುತ್ತೇವೆ. ಇದು ಹಾಗಿಲ್ಲ. ಆರು ಕಲ್ಲಿನ ಕಂಬ, ನಡುವೆ ಆರು ಅರ್ಧವೃತ್ತದ ಕಮಾನು, ಅವುಗಳ ಮೇಲೆ ದುಂಡನೆಯ ಗೋಪುರ, ತಲೆಗೆ ಗುಮ್ಮಟ. ಕಂಬಗಳ ನಡುವೆ ಸುಮ್ನೆ ನಡೆದು ಹೋಗಬಹುದು.

ಮೊದಲು ನೆಲದ ನಕ್ಷೆ. ಪ್ರತಿ ಕಂಬದಿಂದ ಉಳಿದ ಐದಕ್ಕೂ ಟೇಪು ಹಿಡಿದೆವು. ಆ ತುದಿಯಲ್ಲಿ ಹೆಂಡತಿ. “ರೀ, ಟೇಪು ಜೋಲ್ತಿದೆ, ಎಳೀರಿ” ಅಂತ ಕೂಗುತ್ತಿದ್ದಳು. ಅಳತೆ ಸರಿಯಿದೆಯಾ ಅಂತ ನೋಡಲು ಇಲ್ಲಿ ಒಂದು ಸುಲಭದ ದಾರಿ ಇದೆ. ಶಾಲೆಯಲ್ಲಿ ಕೈವಾರ ಹಿಡಿದು ಆರೆಸಳಿನ ಹೂ ಬರೆದಿರ್ತೀರಿ, ಅಲ್ವಾ? ತ್ರಿಜ್ಯವನ್ನೇ ವೃತ್ತದ ಅಂಚಿನ ಮೇಲೆ ಇಡುತ್ತಾ ಹೋದರೆ ಸರಿಯಾಗಿ ಆರು ಸಲ ಕೂರುತ್ತದೆ. ಗೋಪುರದ ವ್ಯಾಸ ಸುಮಾರು 7 ಮೀಟರ್. ಹಾಗಾದರೆ ಅಕ್ಕಪಕ್ಕದ ಕಂಬಗಳ ಹೊರಮೈಯ ನಡುವಿನಿಂದ ನಡುವಿಗೆ ಮೂರೂವರೆ ಮೀಟರ್ ಬರಬೇಕು. ಬಂತು!

ಕಂಬದ ಹೊರಮೈ ಚಪ್ಪಟೆ ಅಲ್ಲ. ಅಂಗೈ ಇಟ್ಟು ಸವರಿದರೆ ಬಾಗು ತಿಳಿಯುತ್ತದೆ. ಆರೂ ಕಂಬಗಳ ಬಾಗು ಒಂದೇ ವೃತ್ತದ ತುಂಡುಗಳು. ಗಿರಣಿಗೆ ಇಷ್ಟೊಂದು ನಾಜೂಕು ಯಾಕೆ? ಅದಕ್ಕೇ ಇರಬೇಕು, ಇದು ದೊಡ್ಡ ವಾಸ್ತುಶಿಲ್ಪಿ ಇನಿಗೋ ಜೋನ್ಸ್ ಕೆಲಸ ಅಂತ ಕೆಲವರು ಹೇಳುತ್ತಾರೆ. ಪುರಾವೆ ಇಲ್ಲ, ನಾನಂತೂ ನಂಬಲ್ಲ. ಲೆಕ್ಕ ಗೊತ್ತಿದ್ದ ಜಮೀನ್ದಾರ, ಕೈಚಳಕದ ಕಲ್ಲುಕುಟಿಗರು ಇದ್ದರೆ ಸಾಕು.

ಕಂಬ ನೆಟ್ಟಗಿದೆಯಾ ಅಂತ ನೋಡೋದು ಜಾಸ್ತಿ ಕಷ್ಟವಾಯಿತು. ಗಿರಣಿ ಕಟ್ಟುವುದೇ ಗಾಳಿ ಬೀಸುವ ಜಾಗದಲ್ಲಿ. ನೇರ ನೋಡಲು ದಾರಕ್ಕೆ ಕಟ್ಟಿ ಇಳಿಬಿಟ್ಟ ತೂಕದ ಗುಂಡು ಒಂದು ಕ್ಷಣವೂ ನಿಲ್ಲಲ್ಲ. ಗುಂಡನ್ನು ನೀರು ತುಂಬಿದ ಬಕೆಟ್‌ನೊಳಗೆ ಇಳಿಬಿಟ್ಟೆ. ಓಲಾಟ ನಿಂತಿತು. ಲೇಸರ್ ಮೀಟರಿನ ಕೆಂಪು ಚುಕ್ಕೆ ಬಿಸಿಲಲ್ಲಿ ಕಾಣಲ್ಲ, ಹಾಗಾಗಿ ಕಮಾನಿನ ಎತ್ತರಕ್ಕೆ ಮೋಡ ಕವಿದ ದಿನವೇ ಒಳ್ಳೇದು. ಈ ದೇಶದಲ್ಲಿ ಅದಕ್ಕೇನು ಬರ ಇಲ್ಲ. ಮೇಲಿನ ಭಾಗಕ್ಕೆ ಕಂಬದ ಪಕ್ಕ ಮೀಟರ್ ಗುರುತಿನ ಕೋಲು ನಿಲ್ಲಿಸಿ, ದೂರದಿಂದ ಜೂಮ್ ಹಾಕಿ ಫೋಟೋ ತೆಗೆದೆ. ಹತ್ತಿರದಿಂದ ತೆಗೆದರೆ ಗೋಪುರ ಹಿಂದಕ್ಕೆ ವಾಲಿದಂತೆ ಕಾಣುತ್ತದೆ.

ಜಾಲರಿಯಂಥ ರೆಕ್ಕೆಗಳು ತುದಿಯಿಂದ ತುದಿಗೆ ಸುಮಾರು 18 ಮೀಟರ್. ಗಾಳಿ ದಿಕ್ಕು ಬದಲಿಸಿದರೆ ಒಳಗಿನ ರಾಟೆ ತಿರುಗಿಸಿ, ರೆಕ್ಕೆ ಸಮೇತ ಗುಮ್ಮಟವನ್ನೇ ಗಾಳಿಗೆ ಎದುರಾಗಿ ತಿರುಗಿಸಬೇಕು. ಆ ರಾಟೆಯನ್ನು, ಎರಡು ಜೊತೆ ಬೀಸುಕಲ್ಲನ್ನು ಅಳೆಯಲು ಅನುಮತಿ ಬೇಕು. ಸದ್ಯಕ್ಕೆ ನನ್ನ ನಕ್ಷೆಯಲ್ಲಿ ಅವು ಚುಕ್ಕೆ ಗೆರೆಯಲ್ಲೇ ಇವೆ.