ಊರ ಪಕ್ಕ ಗ್ಯಾಸ್ ಪೈಪ್‌ಲೈನ್ ಇದ್ರೆ ಊರವರು ಏನು ಕೇಳ್ಬೇಕು, ಯಾವಾಗ ಕೇಳ್ಬೇಕು

ಗ್ಯಾಸ್ ಪೈಪ್‌ಲೈನ್ ಬರ್ತಿದೆ ಅನ್ನೋ ಸುದ್ದಿ ಎಷ್ಟೋ ಊರುಗಳಿಗೆ ಗೊತ್ತಾಗೋದೇ ಜೆಸಿಬಿ ಬಂದು ನಿಂತ ಮೇಲೆ, ಅಷ್ಟೊತ್ತಿಗೆ ರೂಟ್ ಫಿಕ್ಸ್ ಆಗಿರುತ್ತೆ, ಪೈಪ್ ಬಂದಿಳಿದಿರುತ್ತೆ, ಆಮೇಲೆ ಎಷ್ಟೇ ಗಲಾಟೆ ಮಾಡಿದ್ರೂ ಮಾತು ಪರಿಹಾರದ ಸುತ್ತಾನೇ ತಿರುಗುತ್ತೆ. ಊರವರ ಮಾತಿಗೆ ನಿಜವಾಗ್ಲೂ ತೂಕ ಇರೋದು ಅದಕ್ಕೂ ಮುಂಚೆ, ಆಮೇಲೆ ಗ್ಯಾಸ್ ಹರಿಯೋಕೆ ಶುರುವಾದ ಮೇಲೆ ವರ್ಷಾ ವರ್ಷಾ. ಎರಡೂ ಸಲ ಕೆಲಸಕ್ಕೆ ಬರೋದು ಒಂದೇ ದಾರಿ: ಉತ್ತರವಾಗಿ ಒಂದು ನಂಬರ್ ಅಥ್ವಾ ಒಂದು ದಾಖಲೆ ಕೊಡಲೇಬೇಕಾದಂಥ ಪ್ರಶ್ನೆನ ಬರವಣಿಗೆಯಲ್ಲಿ ಕೇಳೋದು. "ಇದು ಸೇಫಾ ಸರ್?" ಅಂದ್ರೆ "ಹೂಂ ಸೇಫೇ" ಅಂತಾರೆ, ಅಲ್ಲಿಗೆ ಮುಗೀತು. "ನಮ್ಮ ಹತ್ರದ ವಾಲ್ವ್ ಎಷ್ಟು ಕಿಲೋಮೀಟರ್ ದೂರ ಇದೆ, ಅದನ್ನ ಮುಚ್ಚೋಕೆ ಎಷ್ಟು ನಿಮಿಷ ಬೇಕು?" ಅಂತ ಕೇಳಿದ್ರೆ ಯಾರೋ ಒಬ್ರು ಫೈಲ್ ತೆಗೆದು ನೋಡ್ಲೇಬೇಕು.

ನಿಮಿಷದ ಲೆಕ್ಕ ಯಾಕೆ ಅಂದ್ರೆ, 2010ರ ಸೆಪ್ಟೆಂಬರ್ 9ರ ಸಂಜೆ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದಲ್ಲಿ ಮನೆಗಳ ಮಧ್ಯೆನೇ 30 ಇಂಚಿನ ಗ್ಯಾಸ್ ಲೈನ್ ಒಡೀತು, 8 ಜನ ಸತ್ರು, 38 ಮನೆ ಪೂರ್ತಿ ಹೋದ್ವು, ಗ್ಯಾಸ್ ನಿಲ್ಲಿಸೋಕೆ 95 ನಿಮಿಷ ಹಿಡೀತು, ಅಷ್ಟು ಹೊತ್ತೂ ಅದು ಉರೀತಾನೇ ಇತ್ತು. ಏರ್‌ಪೋರ್ಟ್ ಹತ್ರಾನೇ ಇದ್ದಿದ್ರಿಂದ ಮೊದಲಿಗೆ ಎಷ್ಟೋ ಜನ ವಿಮಾನ ಬಿದ್ದಿದೆ ಅಂದ್ಕೊಂಡ್ರು, ಕಾಲಡಿ ಅಷ್ಟು ದೊಡ್ಡ ಲೈನ್ ಇದೆ ಅನ್ನೋದು ಅಲ್ಲಿನ ಫೈರ್ ಸರ್ವೀಸ್‌ನವರಿಗೇ ಗೊತ್ತಿರ್ಲಿಲ್ಲ. 1956ರಲ್ಲಿ ಹಾಕಿದ ಪೈಪು ಅದು, ಕಂಪನಿ ದಾಖಲೆಯಲ್ಲಿ ಆ ಭಾಗ ಬೆಸುಗೆ ಇಲ್ದಿರೋ ಪೈಪ್ ಅಂತಿತ್ತು, ತನಿಖೆ ಮಾಡಿದಾಗ ನೋಡಿದ್ರೆ ಉದ್ದಕ್ಕೂ ಬೆಸುಗೆ ಇತ್ತು, ಒಡೆದಿದ್ದು ಆ ಕೆಟ್ಟ ಬೆಸುಗೇಲೇ. ಕಾಗದದಲ್ಲಿರೋದೇ ತಪ್ಪಿದ್ರೆ ಆಫೀಸಲ್ಲಿ ಕೂತವರು ಹಾಕೋ ಲೆಕ್ಕವೂ ತಪ್ಪೇ ಅಲ್ವಾ, ಹೊರಗಿನವರು ಕೇಳ್ತಾ ಇರ್ಬೇಕು ಅನ್ನೋದು ಇದಕ್ಕೇ.

ಮೊದಲು ಯಾವ ಲೈನ್ ಅಂತ ತಿಳ್ಕೊಳ್ಳಿ

ಎಲ್ಲಾ ಗ್ಯಾಸ್ ಪೈಪೂ ಒಂದೇ ಅಲ್ಲ. ಮನೆಮನೆಗೆ ಬರೋದು ಸಣ್ಣ ಪೈಪು, ಕಡಿಮೆ ಪ್ರೆಶರ್ರು. ಊರಿಂದೂರಿಗೆ ಹೋಗೋ ಟ್ರಾನ್ಸ್‌ಮಿಷನ್ ಲೈನು ದೊಡ್ಡದು, ಪ್ರೆಶರ್ ತುಂಬಾ ಜಾಸ್ತಿ. ಇನ್ನೊಂದು ಮುಖ್ಯ ವ್ಯತ್ಯಾಸ ಇದೆ, ನೈಸರ್ಗಿಕ ಅನಿಲಕ್ಕೆ ತನ್ನದೇ ವಾಸನೆ ಇಲ್ಲ, ಮೂಗಿಗೆ ಹೊಡೆಯೋ ಆ ವಾಸನೆ ಮರ್ಕ್ಯಾಪ್ಟನ್ ಥರದ ಕೆಮಿಕಲ್ ಸೇರಿಸಿ ಬರಿಸೋದು, ದೂರ ಹೋಗೋ ದೊಡ್ಡ ಲೈನ್‌ಗಳಲ್ಲಿ ಎಷ್ಟೋ ಕಡೆ ಅದನ್ನ ಸೇರಿಸಿರೋದೇ ಇಲ್ಲ. ಅಂದ್ರೆ ವಾಸನೆ ಬರ್ತಿಲ್ಲ ಅಂತ ಲೀಕ್ ಇಲ್ಲ ಅಂದ್ಕೊಳ್ಳೋ ಹಾಗಿಲ್ಲ. ನಿಮ್ಮ ಕಡೆ ಹೋಗೋ ಲೈನಲ್ಲಿ ವಾಸನೆ ಸೇರಿಸಿದ್ದಾರಾ ಅನ್ನೋದು ಮೊದಲನೇ ಪ್ರಶ್ನೆ ಆಗ್ಲಿ.

ರಸ್ತೆ ದಾಟೋ ಕಡೆ, ಹೊಲದ ಬದುಗಳಲ್ಲಿ ಮಾರ್ಕರ್ ಕಂಬ ಇರುತ್ತಲ್ಲ, ಅದ್ರ ಮೇಲೆ ಕಂಪನಿ ಹೆಸರು, ಎಮರ್ಜೆನ್ಸಿ ನಂಬರ್ ಬರೆದಿರ್ಬೇಕು, ಫೋಟೋ ತೆಗೆದು ಊರಿನ ಗ್ರೂಪಲ್ಲಿ ಹಾಕಿ, ಆ ನಂಬರಿಗೆ ಒಂದ್ಸಲ ಫೋನ್ ಮಾಡಿ ಯಾರಾದ್ರೂ ಎತ್ತುತ್ತಾರಾ ನೋಡಿ. ಆದ್ರೆ ಒಂದು ನೆನಪಿರ್ಲಿ, ಕಂಬ ಇರೋ ಜಾಗದ ಕೆಳಗೇ ಪೈಪ್ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಎಷ್ಟು ಆಳದಲ್ಲಿದೆ ಅಂತನೂ ಅದು ಹೇಳಲ್ಲ.

ಎಷ್ಟು ದೂರ ಅಂದ್ರೆ ಹತ್ರ?

ಇದನ್ನ ನೀವೇ ಲೆಕ್ಕ ಹಾಕ್ಬಹುದು. ಅಮೆರಿಕಾದ ನಿಯಮಗಳಲ್ಲಿರೋ ಒಂದು ಸೂತ್ರ ಇದೆ: ಪ್ರೆಶರ್‌ನ ವರ್ಗಮೂಲ ತಗೊಂಡು, ಪೈಪಿನ ವ್ಯಾಸದಿಂದ ಗುಣಿಸಿ, ಮತ್ತೆ 0.69ರಿಂದ ಗುಣಿಸಿದ್ರೆ, ಲೈನ್ ಒಡೆದು ಹೊತ್ಕೊಂಡ್ರೆ ಹೆಚ್ಚು ಅಪಾಯ ಇರೋ ವೃತ್ತದ ತ್ರಿಜ್ಯ ಅಡಿ ಲೆಕ್ಕದಲ್ಲಿ ಬರುತ್ತೆ. ವ್ಯಾಸ ಇಂಚಲ್ಲಿರ್ಬೇಕು, ಪ್ರೆಶರ್ ಪಿಎಸ್‌ಐನಲ್ಲಿ (ಚದರ ಇಂಚಿಗೆ ಎಷ್ಟು ಪೌಂಡ್ ಅನ್ನೋ ಲೆಕ್ಕ), ಕಂಪನಿಯವರು ಬಾರ್‌ನಲ್ಲಿ ಹೇಳಿದ್ರೆ 14.5ರಿಂದ ಗುಣಿಸ್ಕೊಳ್ಳಿ. ಉದಾಹರಣೆಗೆ 24 ಇಂಚಿನ ಪೈಪು, 900 ಪಿಎಸ್‌ಐ, ವರ್ಗಮೂಲ 30, ಗುಣಿಸಿದ್ರೆ ಹತ್ರತ್ರ 497 ಅಡಿ, ಅಂದ್ರೆ ಸುಮಾರು 150 ಮೀಟರ್. ಎರಡೂ ಕಡೆಗೆ ಅಷ್ಟಷ್ಟು. ಇದು ಅಂದಾಜು ಅಷ್ಟೇ, ಸ್ಯಾನ್ ಬ್ರೂನೋಗೆ ಇದೇ ಲೆಕ್ಕ ಹಾಕಿದ್ರೆ ಸುಮಾರು 400 ಅಡಿ ಬರುತ್ತೆ, ಬೆಂಕಿಯಿಂದ ಆದ ಹಾನಿ ಅದಕ್ಕಿಂತ ಆಚೆಗೂ ಹೋಗಿತ್ತು. ಆದ್ರೂ ಮ್ಯಾಪ್ ಮೇಲೆ ಈ ಗೆರೆ ಎಳೆದು ನೋಡಿದ್ರೆ ಶಾಲೆ ಎಲ್ಲಿದೆ, ಆಸ್ಪತ್ರೆ ಎಲ್ಲಿದೆ, ಊರಿಂದ ಹೊರಗೆ ಹೋಗೋಕಿರೋ ರಸ್ತೆ ಆ ವೃತ್ತದ ಒಳಗೇ ಇದ್ಯಾ, ಎಲ್ಲಾ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಈ ಮ್ಯಾಪ್ ಹಿಡ್ಕೊಂಡು ಮೀಟಿಂಗಿಗೆ ಹೋದವರ ಮಾತು ಕೇಳೋ ರೀತಿನೇ ಬೇರೆ ಆಗುತ್ತೆ.

ಆಕ್ಷೇಪಣೆಗೆ ಇರೋ ದಿನಗಳು ಕಮ್ಮಿ

ಹೊಸ ಲೈನ್ ಬರ್ತಿದ್ರೆ ಎಷ್ಟೋ ದೇಶಗಳಲ್ಲಿ ಜನ ಮಾತಾಡೋಕೆ ಅಂತ ಒಂದು ಬಾಗಿಲು ತೆರೆದಿರ್ತಾರೆ, ಆದ್ರೆ ಬೇಗ ಮುಚ್ಚುತ್ತೆ. ಭಾರತದಲ್ಲಿ 1962ರ ಪೈಪ್‌ಲೈನ್ ಕಾಯ್ದೆ ಪ್ರಕಾರ ಜಮೀನಿನ ಒಡೆತನ ನಿಮ್ಮ ಹತ್ರಾನೇ ಉಳಿಯುತ್ತೆ, ಅದರೊಳಗೆ ಪೈಪ್ ಹಾಕೋ ಬಳಕೆಯ ಹಕ್ಕು ಮಾತ್ರ ತಗೋತಾರೆ, ಆದ್ರೆ ಆಮೇಲೆ ಆ ಪಟ್ಟೀಲಿ ಮನೆ ಕಟ್ಟೋ ಹಾಗಿಲ್ಲ, ಬಾವಿ ಕೆರೆ ತೋಡೋ ಹಾಗಿಲ್ಲ, ಮರ ನೆಡೋ ಹಾಗಿಲ್ಲ. ನೋಟಿಫಿಕೇಶನ್ ಬಂದ 21 ದಿನದೊಳಗೆ ಜಮೀನಲ್ಲಿ ಹಕ್ಕಿರೋರು ಆಕ್ಷೇಪಣೆ ಕೊಡ್ಬೇಕು. ಅಮೆರಿಕಾದಲ್ಲಿ ರಾಜ್ಯ ದಾಟಿ ಹೋಗೋ ಗ್ಯಾಸ್ ಲೈನಿಗೆ ಫೆಡರಲ್ ಎನರ್ಜಿ ರೆಗ್ಯುಲೇಟರಿ ಕಮಿಷನ್ ಒಪ್ಪಿಗೆ ಬೇಕು, ಅಲ್ಲಿ ಪರಿಸರ ವರದಿ ಬರೆಯೋಕೆ ಮುಂಚೆನೇ ಯಾರು ಬೇಕಾದ್ರೂ ಕಮೆಂಟ್ ಕೊಡ್ಬಹುದು.

ಏನು ಬರೀಬೇಕು? "ನಮಗೆ ಬೇಡ" ಅಂತ ಒಂದೇ ಸಾಲು ಬರೆದ್ರೆ ಅದನ್ನ ತಳ್ಳಿಹಾಕೋದು ತುಂಬಾ ಸುಲಭ. ನಿಮಗೆ ಮಾತ್ರ ಗೊತ್ತಿರೋದನ್ನ ಬರೀರಿ: ಯಾವ ಇಳಿಜಾರಲ್ಲಿ ಮಳೆ ಬಂದಾಗ ಮಣ್ಣು ಜಾರುತ್ತೆ, ಯಾವ ಹಳ್ಳ ಪ್ರವಾಹ ಬಂದಾಗ ದಾರಿ ಬದಲಾಯಿಸುತ್ತೆ, ಎಲ್ಲಿ ಹೊಸ ಬಡಾವಣೆಗೆ ಲೇಔಟ್ ಆಗ್ತಿದೆ, ಎಲ್ಲಿ ವರ್ಷಕ್ಕೊಂದ್ಸಲ ಸಾವಿರಾರು ಜನ ಸೇರ್ತಾರೆ. ಇದು ಸ್ಯಾಟಲೈಟ್ ಚಿತ್ರದಲ್ಲಿ ಕಾಣಲ್ಲ. ಜೊತೆಗೆ "ಬೇರೆ ಯಾವ ರೂಟ್‌ಗಳನ್ನ ನೋಡಿದ್ರಿ, ಯಾಕೆ ಬಿಟ್ರಿ" ಅಂತ ಕೇಳಿ. ಸ್ವೀಕೃತಿ ಪಡೀದೆ ಯಾವ ಕಾಗದನೂ ಕೊಡ್ಬೇಡಿ.

ಮನೆ ಎಣಿಸಿ

ನನಗೆ ಕೇಳಿದ್ರೆ ಊರವರು ಮಾಡ್ಬಹುದಾದ ಕೆಲಸಗಳಲ್ಲಿ ಎಲ್ಲಕ್ಕಿಂತ ಪರಿಣಾಮ ಇರೋದು ಇದೇ, ಆದ್ರೆ ಮಾಡೋರು ಬಹಳ ಕಮ್ಮಿ. ಗ್ಯಾಸ್ ಲೈನಿನ ಡಿಸೈನ್ ಸುತ್ತಮುತ್ತ ಎಷ್ಟು ಜನ ಇದ್ದಾರೆ ಅನ್ನೋದ್ರ ಮೇಲೆ ನಿಂತಿರುತ್ತೆ. ಲೈನಿನ ಎರಡೂ ಕಡೆ 200 ಮೀಟರ್, ಉದ್ದಕ್ಕೆ 1.6 ಕಿಲೋಮೀಟರ್, ಈ ಪಟ್ಟೀಲಿ ಜನ ವಾಸ ಇರೋ ಕಟ್ಟಡ 10 ಅಥ್ವಾ ಅದಕ್ಕಿಂತ ಕಮ್ಮಿ ಇದ್ರೆ ಅದು ಕ್ಲಾಸ್ 1, 11ರಿಂದ 45 ಇದ್ರೆ ಕ್ಲಾಸ್ 2, 46 ಅಥ್ವಾ ಅದಕ್ಕಿಂತ ಜಾಸ್ತಿ ಇದ್ರೆ ಕ್ಲಾಸ್ 3, ನಾಲ್ಕು ಅಥ್ವಾ ಅದಕ್ಕಿಂತ ಜಾಸ್ತಿ ಮಹಡಿಯ ಕಟ್ಟಡಗಳೇ ತುಂಬಿದ್ರೆ ಕ್ಲಾಸ್ 4. ಅಪಾರ್ಟ್‌ಮೆಂಟ್ ಇದ್ರೆ ಒಂದೊಂದು ಮನೆನೂ ಬೇರೆಬೇರೆ ಲೆಕ್ಕ. ಕ್ಲಾಸ್ 1ರಲ್ಲಿ ಸಾಮಾನ್ಯವಾಗಿ ಉಕ್ಕಿನ ತಾಳಿಕೆಯ 72% ತನಕ ಒತ್ತಡ ಬೀಳೋ ಹಾಗೆ ಡಿಸೈನ್ ಮಾಡ್ಬಹುದು, ಕ್ಲಾಸ್ 2ರಲ್ಲಿ 60%, 3ರಲ್ಲಿ 50%, 4ರಲ್ಲಿ 40%. ವಾಲ್ವ್‌ಗಳ ಮಧ್ಯದ ದೂರನೂ ಹಾಗೇ, ಭಾರತದ ನಿಯಮದಲ್ಲಿ ಹೆಚ್ಚಂದ್ರೆ 32, 24, 16, 8 ಕಿಲೋಮೀಟರ್.

ಈಗ ಯೋಚ್ನೆ ಮಾಡಿ, ಲೈನ್ ಹಾಕಿದಾಗ ಖಾಲಿ ಹೊಲ, ಆಮೇಲೆ ಮನೆ ಬಂದ್ವು, ಅಂಗಡಿ ಬಂದ್ವು, ಶಾಲೆ ಬಂತು, ಕ್ಲಾಸ್ ಬದಲಾಯ್ತು. ಹಾಗೆ ಬದಲಾದಾಗ ಆಪರೇಟರ್, ಅಂದ್ರೆ ಲೈನ್ ನಡೆಸೋ ಕಂಪನಿ, ಅದಕ್ಕೆ ತಕ್ಕಂತೆ ಪ್ರೆಶರ್ ಇಳಿಸ್ಬೇಕು, ಇಲ್ಲಾ ಪೈಪ್ ಬದಲಾಯಿಸ್ಬೇಕು, ಇಲ್ಲಾ ಅದು ತಡ್ಕೊಳ್ಳುತ್ತೆ ಅಂತ ಟೆಸ್ಟ್ ಮಾಡಿ ತೋರಿಸ್ಬೇಕು. ಇದನ್ನ ಕಂಪನಿಯವರೇ ಸರ್ವೆ ಮಾಡ್ಬೇಕು ನಿಜ, ಆದ್ರೆ ಹೊಸ ಮನೆ ಎದ್ದಿದ್ದು ಮೊದಲು ಕಾಣೋದು ಪಕ್ಕದವರಿಗೆ. ಒಂದು ಭಾನುವಾರ ನಾಲ್ಕೈದು ಜನ ಸೇರಿ ಎಣಿಸಿ, ಪಟ್ಟಿ ಮಾಡಿ, ತಾರೀಖು ಹಾಕಿ, ಆಪರೇಟರ್‌ಗೆ ಒಂದು ಪ್ರತಿ, ರೆಗ್ಯುಲೇಟರ್‌ಗೆ ಒಂದು ಪ್ರತಿ ಕಳಿಸಿ, "ನಮ್ಮ ಎಣಿಕೆ ಇಷ್ಟು, ನಿಮ್ಮ ದಾಖಲೇಲಿ ಇದು ಯಾವ ಕ್ಲಾಸ್?" ಅಂತ ಕೇಳಿ. ಬಡಾವಣೆಗೆ ಒಪ್ಪಿಗೆ ಕೊಡೋ ಸ್ಥಳೀಯ ಸಂಸ್ಥೆಗೂ ಒಂದು ಪ್ರತಿ ಹೋಗ್ಲಿ, ಯಾಕಂದ್ರೆ ಪೈಪ್‌ಲೈನ್ ಪಕ್ಕ ಶಾಲೆಗೋ ವೃದ್ಧಾಶ್ರಮಕ್ಕೋ ಲೈಸೆನ್ಸ್ ಕೊಡೋದು ಕಂಪನಿ ಅಲ್ಲ, ಅವರು.

ಅಗೆಯೋ ಮುಂಚೆ ಒಂದು ಫೋನ್

ಪೈಪಿಗೆ ಏಟು ಬೀಳೋದು ಬಹಳ ಸಲ ಬೇರೆಯವರು ಅಗೆಯುವಾಗ. ಏಟು ಬಿದ್ದ ದಿನಾನೇ ಅದು ಒಡೀಬೇಕು ಅಂತಿಲ್ಲ, ಭಯ ಇರೋದು ಅಲ್ಲೇ. ಬೆಲ್ಜಿಯಂನ ಗಿಸ್ಲಾಂಗಿಯಾಂನಲ್ಲಿ ಕಾಮಗಾರಿ ವೇಳೆ ಯಂತ್ರ ತಾಗಿ ಹಾನಿಯಾಗಿದ್ದ ಗ್ಯಾಸ್ ಲೈನು 2004ರ ಜುಲೈ 30ರಂದು ಒಡೆದು 24 ಜನ ಸತ್ರು, ಅದ್ರಲ್ಲಿ ಲೀಕ್ ನೋಡೋಕೆ ಬಂದಿದ್ದ ಫೈರ್ ಸರ್ವೀಸ್‌ನವರೂ ಇದ್ರು. ಅಮೆರಿಕಾದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ 1994ರಲ್ಲಿ ತಾಗಿದ ಏಟು 1999ರ ಜೂನ್ 10ರಂದು ಒಡೀತು. ಅದು ಪೆಟ್ರೋಲ್ ಲೈನು, ಇಬ್ಬರು ಹತ್ತು ವರ್ಷದ ಹುಡುಗರು, ಒಬ್ಬ ಹದಿನೆಂಟು ವರ್ಷದವ ಹೋದ್ರು. ಪೈಪೊಳಗೆ ಓಡೋ ತಪಾಸಣೆ ಯಂತ್ರ, ಪಿಗ್ ಅಂತಾರೆ, ಆ ಜಾಗದಲ್ಲಿ ಏನೋ ವ್ಯತ್ಯಾಸ ಇದೆ ಅಂತ ಮೊದಲೇ ತೋರಿಸಿತ್ತು, ಆದ್ರೆ ಯಾರೂ ಅಗೆದು ನೋಡ್ಲಿಲ್ಲ. ಹಾಗಾಗಿ "ಪಿಗ್ ಓಡಿಸಿದ್ರಾ" ಅಂತ ಕೇಳಿ ನಿಲ್ಲಿಸ್ಬೇಡಿ, "ಯಾವಾಗ ಓಡಿಸಿದ್ರಿ, ಎಷ್ಟು ಕಡೆ ಅನುಮಾನ ಬಂತು, ಎಷ್ಟು ಕಡೆ ಅಗೆದು ನೋಡಿದ್ರಿ" ಅಂತ ಮೂರೂ ಕೇಳಿ.

ಅಮೆರಿಕಾದಲ್ಲಿ ಅಗೆಯೋಕೆ ಮುಂಚೆ 811ಕ್ಕೆ ಫೋನ್ ಮಾಡ್ಬೇಕು, ಭಾರತದಲ್ಲಿ 2023ರಲ್ಲಿ ಇದಕ್ಕೇ ಅಂತ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಬಂತು. ಬೋರ್‌ವೆಲ್ ಹಾಕೋರು, ಕೇಬಲ್ ಎಳೆಯೋರು, ಬೇಲಿ ಕಂಬ ನೆಡೋರು ಎಲ್ಲರಿಗೂ ಇದು ಅನ್ವಯ. ಪೈಪಿಗೆ ಸ್ವಲ್ಪ ಗೀಚಿದ್ರೂ ಮಣ್ಣು ಮುಚ್ಚಿ ಸುಮ್ನಾಗ್ಬೇಡಿ ಅಂತ ಜೆಸಿಬಿ ಡ್ರೈವರಿಗೆ ಹೇಳಿ, ಹೇಳಿದ್ರೆ ಬೈತಾರೆ ಅನ್ನೋ ಹೆದರಿಕೆಗೇ ಮುಚ್ಚಿಡ್ತಾರೆ ಪಾಪ.

ಗ್ಯಾಸ್ ಹರಿಯೋಕೆ ಶುರುವಾದ ಮೇಲೆ

ಹಸಿರು ಜಾಗದ ಮಧ್ಯೆ ಒಂದೇ ಕಡೆ ಗಿಡ ಒಣಗಿರೋದು, ನಿಂತ ನೀರಲ್ಲಿ ಗುಳ್ಳೆ ಏಳೋದು, ನೆಲದಿಂದ ಬುಸ್ ಅನ್ನೋ ಸದ್ದು, ಧೂಳು ತಾನಾಗೇ ಮೇಲೇಳೋದು, ಮಳೆ ನೀರು ಕೊಚ್ಚಿ ಪೈಪ್ ಹೊರಗೆ ಕಾಣೋದು, ಇದ್ರಲ್ಲಿ ಯಾವುದು ಕಂಡ್ರೂ ತಿಳಿಸಿ. ಮೊದಲು ನಡ್ಕೊಂಡೇ ಗಾಳಿ ಬರೋ ದಿಕ್ಕಿನ ಕಡೆ ದೂರ ಹೋಗಿ, ಗಾಡಿ ಸ್ಟಾರ್ಟ್ ಮಾಡ್ಬೇಡಿ, ಸ್ವಿಚ್ ಮುಟ್ಬೇಡಿ, ಫೋನ್ ದೂರ ಹೋದ್ಮೇಲೇ. ಗಾಳೀಲಿ ಮೀಥೇನ್ 5ರಿಂದ 15% ಇದ್ದಾಗ ಒಂದು ಕಿಡಿ ಸಾಕು. ಕಂಪನಿ ವಾಲ್ವ್ ನೀವೇ ತಿರುಗಿಸೋಕೆ ಹೋಗ್ಬೇಡಿ, ಹೊತ್ತಿದ ಗ್ಯಾಸನ್ನ ಆರಿಸೋಕೂ ಹೋಗ್ಬೇಡಿ.

ದೂರು ಕೊಟ್ಟಿದ್ದು ಬರೀ ಬಾಯಿಮಾತಲ್ಲಿ ಉಳೀಬಾರ್ದು. ಆಂಧ್ರದ ನಗರಂನಲ್ಲಿ 2014ರ ಜೂನ್ 27ರ ನಸುಕಲ್ಲಿ ಲೈನ್ ಒಡೆದು 20ಕ್ಕೂ ಹೆಚ್ಚು ಜನ ಸತ್ರು. ಒಣ ಗ್ಯಾಸಿಗೆ ಅಂತ ಮಾಡಿದ ಲೈನಲ್ಲಿ ನೀರಿನಂಶ ಇರೋ ಗ್ಯಾಸ್ ಕಳಿಸಿ ಪೈಪು ಒಳಗಿಂದಾನೇ ತುಕ್ಕು ಹಿಡಿದಿತ್ತು. ಲೀಕ್ ಬಗ್ಗೆ ಮೊದಲೇ ಹೇಳಿದ್ವಿ ಅಂತ ಊರವರು ಅಂದಿದ್ದು ಆಗ ಪತ್ರಿಕೆಗಳಲ್ಲೂ ಬಂತು. ತಾರೀಖು, ಟೈಮು, ಯಾರ ಹತ್ರ ಮಾತಾಡಿದ್ರಿ, ದೂರಿನ ನಂಬರು, ಫೋಟೋ, ಎಲ್ಲಾ ಒಂದು ಪುಸ್ತಕದಲ್ಲಿ ಬರೆದಿಡಿ. ಎರಡು ಸಲ ಹೇಳಿದ್ರೂ ಯಾರೂ ಬರ್ಲಿಲ್ಲ ಅಂದ್ರೆ ಆ ಪುಟದ ನಕಲು ನೇರವಾಗಿ ರೆಗ್ಯುಲೇಟರ್‌ಗೆ ಕಳಿಸಿ, ಭಾರತದಲ್ಲಾದ್ರೆ ಅದು ಪಿಎನ್‌ಜಿಆರ್‌ಬಿ (ಪೆಟ್ರೋಲಿಯಂ ಅಂಡ್ ನ್ಯಾಚುರಲ್ ಗ್ಯಾಸ್ ರೆಗ್ಯುಲೇಟರಿ ಬೋರ್ಡ್). ಸರ್ಕಾರಿ ಕಂಪನಿ ಆದ್ರೆ 2005ರ ಮಾಹಿತಿ ಹಕ್ಕು ಕಾಯ್ದೆ ಕೆಳಗೆ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಬರ್ಬೇಕು.

ಒಬ್ಬೊಬ್ರೇ ಮಾಡಿದ್ರೆ ಸುಸ್ತಾಗುತ್ತೆ, ಒಂದು ಸಣ್ಣ ಸಮಿತಿ ಮಾಡ್ಕೊಳ್ಳಿ. ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಮಕ್ಕಳನ್ನ ಕಳ್ಕೊಂಡ ಕುಟುಂಬಗಳು, ಊರವರು ಬಿಡದೆ ಹಿಂದೆ ಬಿದ್ದಿದ್ರಿಂದ 2002ರಲ್ಲಿ ಹೊಸ ಪೈಪ್‌ಲೈನ್ ಸುರಕ್ಷತಾ ಕಾಯ್ದೆ ಬಂತು, ಕಂಪನಿಗಳಿಂದ ಬಂದ 40 ಲಕ್ಷ ಡಾಲರ್‌ನಲ್ಲಿ ಪೈಪ್‌ಲೈನ್ ಸೇಫ್ಟಿ ಟ್ರಸ್ಟ್ ನಿಂತ್ಕೊಂತು, ಇವತ್ತಿಗೂ ಅವರು ರೆಗ್ಯುಲೇಟರ್ ಎದುರು ಜನರ ಪರವಾಗಿ ಮಾತಾಡ್ತಾರೆ.

ಸಮಿತಿಯವರು ವರ್ಷಕ್ಕೊಂದ್ಸಲ ಆಪರೇಟರ್ ಜೊತೆ, ಫೈರ್ ಸರ್ವೀಸ್ ಜೊತೆ ಕೂತ್ಕೊಳ್ಳಿ, ಮಾಕ್ ಡ್ರಿಲ್ ಊರವರನ್ನ ಸೇರಿಸ್ಕೊಂಡೇ ಮಾಡಿ ಅಂತ ಪಟ್ಟು ಹಿಡೀರಿ. ಹಾಸಿಗೆ ಹಿಡಿದವರನ್ನ, ವೀಲ್‌ಚೇರಲ್ಲಿರೋರನ್ನ ಯಾರು ಕರ್ಕೊಂಡು ಬರ್ತಾರೆ ಅಂತ ಹೆಸರು ಸಮೇತ ತೀರ್ಮಾನ ಆಗ್ಲಿ. ಡ್ರಿಲ್ ದಿನ ಮೊದಲ ಫೋನ್ ಹೋದ ಕ್ಷಣದಿಂದ ಕಂಪನಿ ಗಾಡಿ ವಾಲ್ವ್ ಹತ್ರ ತಲುಪೋ ತನಕ ಎಷ್ಟು ನಿಮಿಷ ಆಯ್ತು ಅಂತ ನಿಮ್ಮ ಕಡೆಯವರೇ ಗಡಿಯಾರ ನೋಡಿ ಬರ್ಕೊಳ್ಳಿ, ಆ ಕಾಗದಕ್ಕೆ ಅಲ್ಲೇ, ಅವತ್ತೇ ಇಬ್ಬರ ಸಹಿನೂ ಹಾಕಿಸಿ.