ಕ್ಯಾಟಲಾಗಿನಲ್ಲಿ ಹಳೆಯ ಕನ್ನಡ ಪುಸ್ತಕ ಹುಡುಕುವುದು: ನನ್ನ ಅನುಭವ

ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ 19ನೇ ಶತಮಾನದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳು ನನ್ನ ಸಂಶೋಧನೆಯ ವಿಷಯ. ಪ್ರತಿಗಳು ದೇಶ ವಿದೇಶದ ಗ್ರಂಥಾಲಯಗಳಲ್ಲಿ ಚದುರಿಹೋಗಿವೆ. ಹಾಗಾಗಿ ನನ್ನ ಅರ್ಧ ಕೆಲಸ ನಡೆಯುವುದು ಆನ್‌ಲೈನ್ ಕ್ಯಾಟಲಾಗಿನಲ್ಲೇ.

ಮೊದಲು ಕಾಗುಣಿತ ಸರಿಮಾಡಿಕೊಳ್ಳಬೇಕು. ಅಮೆರಿಕದ ಗ್ರಂಥಾಲಯಗಳು ಕನ್ನಡ ಶೀರ್ಷಿಕೆಯನ್ನು ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿಯಲ್ಲಿ ರೋಮನ್ ಲಿಪಿಗೆ ತರುತ್ತವೆ. ಅಲ್ಲಿ ‘ಚ’ ಎಂದರೆ ಬರೀ ಸಿ; ಸಿ ಪಕ್ಕ ಎಚ್ ಬಂದರೆ ಅದು ‘ಛ’. ‘ಶ’ಕ್ಕೂ ಎಚ್ ಇಲ್ಲ, ಎಸ್ ಮೇಲೊಂದು ಗೀಟು ಅಷ್ಟೆ. ವಾಟ್ಸಾಪಿನಲ್ಲಿ ಬರೆಯುವ ರೂಢಿಯಂತೆ ‘ಚರಿತ್ರೆ’, ‘ಶಾಸನ’ಗಳಿಗೆ ಎಚ್ ಸೇರಿಸಿ ಹುಡುಕಿದರೆ, ಕಪಾಟಿನಲ್ಲಿರುವ ಪುಸ್ತಕವೂ ಇಲ್ಲವೆಂದೇ ಬರುತ್ತದೆ. ಗೀಟು, ಚುಕ್ಕಿಗಳನ್ನು ಬಿಟ್ಟರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹಳೆಯ ದಾಖಲೆಗಳಲ್ಲಿ ಕನ್ನಡಕ್ಕೆ ‘ಕೆನರೀಸ್’ ಎಂದಿರುತ್ತದೆ, ಕೆ ಹಾಕಿಯೂ ಸಿ ಹಾಕಿಯೂ. ಎರಡನ್ನೂ ಕೊಟ್ಟು ನೋಡುತ್ತೇನೆ.

ಪ್ರಕಾಶಕರ ಪೂರ್ತಿ ಹೆಸರನ್ನು ನಾನು ಎಂದೂ ಹಾಕುವುದಿಲ್ಲ. ಕಿಟೆಲ್ ನಿಘಂಟನ್ನೇ ನೋಡಿ. 1894ರಲ್ಲಿ ಮಂಗಳೂರಿನಲ್ಲೇ ಹೊರಬಂದದ್ದು, ಆದರೆ ಪ್ರಕಾಶಕರ ಜಾಗದಲ್ಲಿ ‘ಪ್ರೆಸ್’ ಇಲ್ಲ. ಬಾಸೆಲ್ ಮಿಷನ್ ಬುಕ್ ಅಂಡ್ ಟ್ರ್ಯಾಕ್ಟ್ ಡಿಪಾಸಿಟರಿ ಎಂದಿದೆ. ಅಡ್ವಾನ್ಸ್ಡ್ ಸರ್ಚಿನಲ್ಲಿ ಪ್ರಕಾಶಕ ‘ಬಾಸೆಲ್’, ಸ್ಥಳ ‘ಮಂಗಳೂರು’ (ಇಂಗ್ಲಿಷಿನ ಹಳೆಯ ಕಾಗುಣಿತದಲ್ಲಿ), ವರ್ಷ 1841ರಿಂದ 1900 ಎಂದಷ್ಟೇ ಕೊಡುತ್ತೇನೆ. ಪ್ರೆಸ್ ಶುರುವಾದದ್ದು 1841ರಲ್ಲಿ.

ಬೇಕಾದಂಥ ಒಂದು ಪುಸ್ತಕ ಸಿಕ್ಕರೆ ಅದರ ಪೂರ್ಣ ದಾಖಲೆ ತೆರೆಯುತ್ತೇನೆ. ಅಲ್ಲಿನ ವಿಷಯ ಶೀರ್ಷಿಕೆಗಳು, ಅಂದರೆ ಪುಸ್ತಕ ಯಾವುದರ ಬಗ್ಗೆ ಎಂದು ಹೇಳುವ ಪದಗಳು, ಗ್ರಂಥಪಾಲಕರು ಯೋಚಿಸಿ ಕೊಟ್ಟವು. ಅವುಗಳ ಮೇಲೆ ಕ್ಲಿಕ್ ಮಾಡಿದರೆ ನನಗೆ ಹೊಳೆಯದೇ ಇದ್ದ ಪುಸ್ತಕಗಳು ಸಾಲಾಗಿ ಬರುತ್ತವೆ. ನಮ್ಮೂರ ಕಡೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಡ್ಯೂಯಿ ಸಂಖ್ಯೆ ನೆರವಿಗೆ ಬರುತ್ತದೆ: ಕನ್ನಡ ಭಾಷೆಗೆ 494.814, ಸಾಹಿತ್ಯಕ್ಕೆ 894.814, ಕರ್ನಾಟಕದ ಇತಿಹಾಸಕ್ಕೆ 954.87.

ಕ್ಯಾಟಲಾಗಿಗೂ ಸಿಗದ ಒಂದು ಜಾತಿಯಿದೆ: ಹತ್ತಾರು ಪುಟಗಳ ಕಿರುಹೊತ್ತಗೆಗಳು. ಹಲವನ್ನು ಒಟ್ಟಿಗೆ ಬೈಂಡ್ ಮಾಡಿದಾಗ ಕೆಲವೊಮ್ಮೆ ಮೊದಲನೆಯದಕ್ಕೆ ಮಾತ್ರ ದಾಖಲೆ ಇರುತ್ತದೆ. ಇಂಥವಕ್ಕೆ ಬ್ರಿಟಿಷ್ ಮ್ಯೂಸಿಯಂ 1910ರಲ್ಲಿ ಅಚ್ಚು ಹಾಕಿಸಿದ ಕನ್ನಡ, ಬಡಗ, ಕೊಡವ ಪುಸ್ತಕಗಳ ಪಟ್ಟಿಯನ್ನು ನೋಡುತ್ತೇನೆ. ಅಲ್ಲೂ ಸಿಗದಿದ್ದರೆ ಗ್ರಂಥಪಾಲಕರಿಗೆ ಪತ್ರ ಬರೆದು, ಆ ಸಂಪುಟದೊಳಗೆ ಇನ್ನೇನಿದೆ ನೋಡಿ ಹೇಳುತ್ತೀರಾ ಎಂದು ಕೇಳುತ್ತೇನೆ.