ಅರ್ಧ ಮನೆಗೆ ಪೂರ್ತಿ ಪ್ಲಾನ್: ನನ್ನ ಅನುಭವ

ಆರ್ಕಿಟೆಕ್ಟ್ ಬಿ.ವಿ. ದೋಶಿ ಅಂದ್ರೆ ನಮ್ಮ ಕಡೆಯವ್ರಿಗೆ ಮೊದ್ಲು ನೆನಪಾಗೋದು ಬೆಂಗಳೂರಿನ ಐಐಎಂ, ಆ ಕಲ್ಲಿನ ಗೋಡೆ, ಬಳ್ಳಿ ಹಬ್ಬಿರೋ ಉದ್ದುದ್ದ ಕಾರಿಡಾರ್. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಮನೆ ಪ್ಲಾನ್ ಮಾಡೋ ನಂಗೆ ಸೈಟಲ್ಲಿ ನಿಜಕ್ಕೂ ಕೈ ಹಿಡಿದಿದ್ದು ಅವ್ರು ಇಂದೋರಲ್ಲಿ ಮಾಡಿದ ‘ಅರಣ್ಯ’ ಅನ್ನೋ ಹೆಸರಿನ ಬಡಾವಣೆ.

ಪ್ಯಾರಿಸ್‌ನಲ್ಲಿ ಹೆಸರಾಂತ ಆರ್ಕಿಟೆಕ್ಟ್ ಲ ಕಾರ್ಬೂಸಿಯೆ ಹತ್ರ ಕೆಲ್ಸ ಕಲಿತು ಬಂದ ಮನುಷ್ಯ, 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಬಂತು, ಅಂಥವ್ರು 80ರ ದಶಕದಲ್ಲಿ ಕೂತು ಸುಮಾರು 35 ಚದರ ಮೀಟರ್ ಸೈಟಿನ ಬಗ್ಗೆ ತಲೆ ಕೆಡಿಸ್ಕೊಂಡ್ರು. ಸುಮಾರು 6,500 ಸೈಟು, ಅದ್ರಲ್ಲಿ ಬರೀ 80 ಮನೆನ ಮಾದರಿಗೆ ಅಂತ ಕಟ್ಟಿ ತೋರಿಸಿದ್ರು ಅಷ್ಟೆ. ಬಡವ್ರಿಗೆ ಸಿಕ್ಕಿದ್ದು ಪಾಯ, ಟಾಯ್ಲೆಟ್ಟು, ನೀರು, ಚರಂಡಿ, ಕೆಲವ್ರಿಗೆ ಒಂದು ರೂಮೂ ಸೇರಿ. ಮಿಕ್ಕಿದ್ದು ದುಡ್ಡು ಬಂದಂಗೆ ಅವ್ರೇ ಕಟ್ಕೋಬೇಕು. ಗೋಡೆ ಎಬ್ಬಿಸೋದು ಜನಕ್ಕೆ ಗೊತ್ತು, ಬೀದಿ ಪೂರ್ತಿ ಡ್ರೈನೇಜ್ ಹಾಕೋದು ಒಬ್ಬೊಬ್ರ ಕೈಲಿ ಆಗಲ್ಲ, ಲೆಕ್ಕ ಅಷ್ಟು ಸರಳ.

ದಾವಣಗೆರೆ ಕಡೆ ಟೈಲರಿಂಗ್ ಮಾಡೋ ಗಂಡ ಹೆಂಡತಿ ಬಂದಿದ್ರು. 20x30 ಸೈಟು, ಕೈಯಲ್ಲಿ ಅರ್ಧ ಮನೆ ದುಡ್ಡು. ಚಿಕ್ಕ ಮನೆ ಮಾಡಿಕೊಡಿ ಸರ್ ಅಂದ್ರು. ನಾನು ಚಿಕ್ಕದು ಬೇಡ, ಪೂರ್ತಿ ಮನೆನೇ ಪ್ಲಾನ್ ಮಾಡಣ, ಈಗ ಅರ್ಧ ಕಟ್ಟಣ ಅಂದೆ. ಆಯಮ್ಮ ಕೇಳಿದ ಮೊದಲ ಪ್ರಶ್ನೆ, "ಮಿಷನ್ ಎಲ್ಲಿಡೋದು ಸರ್, ಗಿರಾಕಿ ಎಲ್ಲಿ ನಿಲ್ತಾರೆ?" ಡ್ರಾಯಿಂಗ್ ಶುರುವಾಗಿದ್ದೇ ಅಲ್ಲಿಂದ, ಮುಂದ್ಗಡೆ ಕೂರೋ ಎತ್ತರಕ್ಕೆ ಒಂದು ಜಗಲಿ, ಅದ್ರ ಹಿಂದೆನೇ ಮಿಷನ್ ರೂಮು. ಅರಣ್ಯದ ಮನೆಗಳಲ್ಲೂ ಹಿಂಗೇ ಬೀದಿಗೆ ಮುಖ ಮಾಡಿದ ಕಟ್ಟೆ, ಹೊರಗಡೆ ಮೆಟ್ಟಿಲು ಇವೆ.

ಪಾಯ ಮಾತ್ರ ಪೂರ್ತಿ ಮನೆಗೆ ಹಾಕಿಸ್ದೆ. ಅಡುಗೆಮನೆ, ಬಚ್ಚಲು ಬೆನ್ನಿಗೆ ಬೆನ್ನು ಕೊಟ್ಟು, ಎಲ್ಲಾ ಪೈಪು ಒಂದೇ ಗೋಡೆಲಿ. ಮೇಸ್ತ್ರಿ ಪಿಲ್ಲರ್ ಹಾಕಿ ಮೇಲೆ ಕಂಬಿ ಬಿಡಣ ಅಂತ ಹಠ ಹಿಡಿದ, ನಮ್ಮೂರಲ್ಲಿ ಹತ್ತು ವರ್ಷದಿಂದ ತಾರಸಿ ಮೇಲೆ ತುಕ್ಕು ಹಿಡೀತಾ ನಿಂತಿರೋ ಕಂಬಿ ಎಷ್ಟಿದಾವೋ, ಅದಕ್ಕೇ ನಾನು ಒಂಬತ್ತಿಂಚಿನ ಇಟ್ಟಿಗೆ ಗೋಡೆ ಮೇಲೇ ಭಾರ ಕೂರಿಸಿದ್ದು. ಹಿಂದಿನ ಗೋಡೆಲಿ ಮುಂದೆ ಬರೋ ರೂಮಿನ ಬಾಗಿಲಿಗೆ ಈಗ್ಲೇ ಲಿಂಟಲ್ (ಬಾಗಿಲ ಮೇಲೆ ಗೋಡೆ ಭಾರ ಹೊರೋ ತೊಲೆ) ಹಾಕಿ, ಆ ಜಾಗನ ಮಣ್ಣಿನ ಗಾರೆಲಿ ಇಟ್ಟಿಗೆ ಇಟ್ಟು ಮುಚ್ಚಿಸ್ದೆ, ಆಮೇಲೆ ಸುತ್ತಿಗೆ ಏಟು ಜಾಸ್ತಿ ಬೇಕಾಗಲ್ಲ. ಆ ಗೋಡೆ ಮೇಲೆ ಸ್ಲ್ಯಾಬು ಅರ್ಧ ಅಗಲಕ್ಕೆ ಮಾತ್ರ ಕೂತಿದೆ, ಇನ್ನರ್ಧ ಮುಂದಿನ ಸ್ಲ್ಯಾಬಿಗೆ. ಈ ಒಂದು ವಿಷ್ಯ ಮೇಸ್ತ್ರಿಗೆ ಒಪ್ಸೋದ್ರಲ್ಲಿ ಸಾಕುಸಾಕಾಯ್ತು.

ಹಿಂದಿನ ರೂಮು ಆಮೇಲೆ ಅವ್ರೇ ಕಟ್ಕೊಂಡ್ರು, ನನ್ನ ಕರೀಲೇ ಇಲ್ಲ. ಕಿಟಕಿ ನಾನು ಬರ್ದಲ್ಲಿ ಇಲ್ಲ, ಗಿಳಿಹಸಿರು ಬಣ್ಣ ಬೇರೆ, ಜಗಲಿಗೆ ಗ್ರಿಲ್ ಬಂದಿದೆ, ಒಳಗೆ ಫಾಲ್ಸು, ಲೈನಿಂಗ್ ಬಟ್ಟೆ ಮಾರ್ತಾರೆ. ಫೋಟೋ ತೆಗ್ಸಿ ಮ್ಯಾಗಜಿನ್‌ಗೆ ಕಳ್ಸೋಕೆ ಆಗಲ್ಲ ಬಿಡಿ. ಆದ್ರೆ ಹಳೇ ಪೈಪ್ ಒಂದೂ ಒಡೀಬೇಕಾಗಿಲ್ಲ, ಲಿಂಟಲ್ ಕೆಳಗಿನ ಇಟ್ಟಿಗೆ ಹೇಳ್ದಂಗೆ ಬಿಚ್ಕೊಂಡು ಬಂದಿದೆ, ನಂಗೆ ಬೇಕಾಗಿದ್ದೂ ಅದೇ. ಇಂದೋರಲ್ಲೂ ಜನ ಮಹಡಿ ಏರಿಸಿದಾರೆ, ಮುಂಭಾಗ ಬದಲಾಯ್ಸಿದಾರೆ, ಹಂಗಾಗ್ಲಿ ಅಂತಾನೇ ತಾನೆ ದೋಶಿ ಬಿಟ್ಟಿದ್ದು.

ಈಗ ಮೇಲೆ ಬಾಡಿಗೆಗೆ ಕಟ್ಬೇಕು ಅಂತ ಫೋನ್ ಮಾಡಿದ್ರು. ಮೆಟ್ಟಿಲು ಹೊರಗಡೆನೇ ಇದೆ, ಬಾಡಿಗೆಯವ್ರು ಮನೆಯೊಳಗೆ ಓಡಾಡೋ ತಾಪತ್ರಯ ಇಲ್ಲ. ಪಾಯ ಮಾತ್ರ ಮೇಲೆ ಇನ್ನೊಂದೇ ಮಹಡಿಗೆ ಅಂತ ಡ್ರಾಯಿಂಗ್ ಮೇಲೆ ದಪ್ಪಕ್ಷರದಲ್ಲಿ ಬರ್ದಿದೀನಿ, ಮೇಸ್ತ್ರಿ ಎರಡು ಆಗುತ್ತೆ ಅಂದ್ರೆ ಆ ಹಾಳೆ ತೋರ್ಸಿ ಅಂತ ಹೇಳಿದೀನಿ.